ಎಳೆಯ ಡ್ರೆಸಾಜ್ ಕುದುರೆಗೆ ಎಷ್ಟು ಕೊಡಬಹುದು?

2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ಡ್ರೆಸಾಜ್ (ಸವಾರನ ಸೂಚನೆಯಂತೆ ಕುದುರೆ ನಿಖರವಾದ ಹೆಜ್ಜೆಗಳನ್ನು ಹಾಕುವ ಸ್ಪರ್ಧೆ) ತಂಡ ಚಿನ್ನ ಗೆದ್ದ ಮೇಲೆ ಕುದುರೆ ಸವಾರಿಯ ಬಗ್ಗೆ ಕೇಳುವ ಪತ್ರಗಳು ಹೆಚ್ಚಾಗಿವೆ. ಅವುಗಳಲ್ಲಿ ಜರ್ಮನಿಯ ಹರಾಜುಗಳಲ್ಲಿ ಮಾರಾಟವಾಗುವ ಮೂರರಿಂದ ಐದು ವರ್ಷದ ಕುದುರೆಗಳಿಗೆ ಬೆಲೆ ಕಟ್ಟುವುದು ಹೇಗೆಂದು ಕೇಳಿದ ಪತ್ರಗಳನ್ನು ಈ ಸಂಚಿಕೆಗೆ ಆರಿಸಿದ್ದೇವೆ. ಎಳೆಯ ಕುದುರೆಗಳನ್ನು ಪಳಗಿಸುವ ತರಬೇತುದಾರರೊಬ್ಬರು ಮತ್ತು ಕುದುರೆಗಳ ವೈದ್ಯೆಯೊಬ್ಬರು ಉತ್ತರ ಬರೆದಿದ್ದಾರೆ.

ಪ್ರಶ್ನೆ: ನನ್ನ ಮಗಳಿಗೆ 16 ವರ್ಷ, ಆರು ವರ್ಷಗಳಿಂದ ಸವಾರಿ ಕಲಿಯುತ್ತಿದ್ದಾಳೆ. ಜರ್ಮನಿಯ ಹರಾಜೊಂದರ ವಿಡಿಯೋದಲ್ಲಿ ನಾಲ್ಕು ವರ್ಷದ ಕುದುರೆಯೊಂದು ಕಣ್ಣಿಗೆ ಬಿದ್ದಿದೆ. ಟ್ರಾಟ್ (ಕರ್ಣರೇಖೆಯ ಕಾಲುಗಳು ಜೊತೆಯಾಗಿ ಬೀಳುವ ಎರಡು ಬಡಿತದ ಓಟ) ಮಾಡುವಾಗ ಮುಂಗಾಲು ಮೂಗಿನ ಮಟ್ಟಕ್ಕೆ ಬರುತ್ತದೆ. ಇಂಥ ಕುದುರೆಯ ಯೋಗ್ಯತೆ ಅಳೆಯುವುದು ಹೇಗೆ? (ಓದುಗರು, ಬೆಂಗಳೂರು)

ತರಬೇತುದಾರರು: ಮೊದಲು ಟ್ರಾಟ್ ಭಾಗವನ್ನು ಬಿಟ್ಟು ವಿಡಿಯೋ ನೋಡಿ. ಮೊದಲು ನಡಿಗೆ, ಆಮೇಲೆ ಕ್ಯಾಂಟರ್ (ಮೂರು ಬಡಿತದ ನೆಗೆಯುವ ಓಟ), ಕೊನೆಗೆ ಟ್ರಾಟ್. ಹರಾಜಿನಲ್ಲಿ ಬೆಲೆ ಏರಿಸುವುದು ಟ್ರಾಟ್. ಆದರೆ ಕುದುರೆ ಹತ್ತು ವರ್ಷದ್ದಾದಾಗ ಯಾವ ಮಟ್ಟದಲ್ಲಿರುತ್ತದೆ ಎಂಬುದನ್ನು ಹೆಚ್ಚಾಗಿ ನಿರ್ಧರಿಸುವುದು ನಡಿಗೆ, ಕ್ಯಾಂಟರ್ ಮತ್ತು ತಲೆಯೊಳಗಿನ ಸಮಾಧಾನ. ಕಾರಣ ಸರಳ. ಸ್ನಾಯುಗಳಿಗೆ ಬಲ ಬಂದಂತೆ ಟ್ರಾಟ್ ಸುಧಾರಿಸುತ್ತದೆ, ಒಳ್ಳೆಯ ಸವಾರನ ಕೈಯಲ್ಲಿ ಹತ್ತಕ್ಕೆ ಏಳು ಅಂಕದ ಟ್ರಾಟ್ ಎರಡು ವರ್ಷದಲ್ಲಿ ಎಂಟಾಗಬಹುದು. ನಡಿಗೆ ಹಾಗಲ್ಲ. ಅದು ಸುಧಾರಿಸುವುದು ತೀರಾ ಕಡಿಮೆ, ಕೆಡುವುದು ಮಾತ್ರ ಬಹಳ ಸುಲಭ.

ನಡಿಗೆಯಲ್ಲಿ ನಾಲ್ಕು ಗೊರಸುಗಳ ಸದ್ದು ಸಮ ಅಂತರದಲ್ಲಿ ಒಂದೊಂದಾಗಿ ಕೇಳಬೇಕು. ಪಕ್ಕದಿಂದ ನೋಡಿದರೆ ಒಂದೇ ಬದಿಯ ಹಿಂಗಾಲು ಮುಂದೆ ಬಂದು ಮುಂಗಾಲನ್ನು ಮುಟ್ಟುತ್ತದೇನೋ ಎನ್ನುವ ಕ್ಷಣದಲ್ಲಿ ಎರಡೂ ಕಾಲು ಸೇರಿ ತಲೆಕೆಳಗಾದ ತ್ರಿಕೋನದಂತೆ ಕಾಣಬೇಕು. ಆ ತ್ರಿಕೋನ ಕಾಣದೆ ಒಂದು ಬದಿಯ ಎರಡೂ ಕಾಲುಗಳು ಜೊತೆಯಾಗಿ ಮುಂದೆ ಹೋಗುತ್ತಿದ್ದರೆ ಲಯ ಕೆಟ್ಟಿದೆ, ಕುದುರೆ ಒಂಟೆಯ ಹಾಗೆ ನಡೆಯುತ್ತಿದೆ ಎಂದರ್ಥ. ಹಿಂಗೊರಸು ಮುಂಗೊರಸಿನ ಗುರುತನ್ನು ದಾಟಿ ಒಂದರಿಂದ ಎರಡು ಗೊರಸಿನಷ್ಟು ಮುಂದೆ ಬಿದ್ದರೆ ಸಾಕು. ಮೂರು ಗೊರಸು ದಾಟುವ ನಡಿಗೆಗೆ ಹರಾಜು ಮಂಟಪದಲ್ಲಿ ಚಪ್ಪಾಳೆ ಬೀಳುತ್ತದೆ. ನನಗಂತೂ ಅದನ್ನು ಕಂಡರೆ ಅನುಮಾನ. ಅಂಥ ನಡಿಗೆಯನ್ನು ಮುಂದೆ ಲಗಾಮಿನಲ್ಲಿ ಚಿಕ್ಕದು ಮಾಡಲು ಹೋದಾಗಲೇ ಲಯ ಒಡೆಯುವುದು. ಲಗಾಮು ಸಡಿಲ ಬಿಟ್ಟಾಗಿನ ನಡಿಗೆಯನ್ನು ಮಾತ್ರ ತೋರಿಸಿ ವಿಡಿಯೋ ಕತ್ತರಿಸಿದ್ದರೆ, ಲಗಾಮು ಎತ್ತಿಕೊಳ್ಳುವ ಹತ್ತು ಹೆಜ್ಜೆಗಳನ್ನೂ ಕಳಿಸಿ ಎಂದು ಕೇಳಿ.

ಕ್ಯಾಂಟರ್‌ನಲ್ಲಿ ಮೂರು ಬಡಿತ, ಆಮೇಲೆ ನಾಲ್ಕೂ ಕಾಲು ನೆಲ ಬಿಟ್ಟ ಒಂದು ಕ್ಷಣ. ಮೊಬೈಲಿನಲ್ಲಿ ನಿಧಾನಗತಿಯ ವಿಡಿಯೋ ಇದ್ದರೆ, ಕರ್ಣರೇಖೆಯ ಮುಂಗಾಲು, ಹಿಂಗಾಲು ಒಟ್ಟಿಗೆ ನೆಲಕ್ಕೆ ತಾಗುತ್ತವೆಯೇ ನೋಡಿ. ಹಿಂಗಾಲು ಮೊದಲು ಬಿದ್ದು ಮುಂಗಾಲು ಆಮೇಲೆ ಬಿದ್ದರೆ ನಾಲ್ಕು ಬಡಿತವಾಗುತ್ತದೆ. ಅದು ಬಲಹೀನತೆಯಿಂದಲೂ ಇರಬಹುದು, ಬೆನ್ನು ನೋವಿನಿಂದಲೂ ಇರಬಹುದು. ಮೂಲೆ ತಿರುಗುವಾಗ ಭುಜ ಮೇಲೇಳುತ್ತದೆಯೇ, ಇಲ್ಲ ಕುದುರೆ ಮೂಗಿನ ಮೇಲೆ ಬಾಗಿ ಓಡುತ್ತದೆಯೇ ಎಂಬುದು ಇನ್ನೊಂದು. ಎಡ, ಬಲ ಎರಡೂ ಕಡೆಯ ಕ್ಯಾಂಟರ್ ತೋರಿಸಿರಬೇಕು. ಒಂದೇ ಕಡೆಯದನ್ನು ತೋರಿಸಿದ್ದರೆ ಇನ್ನೊಂದು ಕಡೆಯದರಲ್ಲಿ ಏನೋ ಇದೆ. ಡ್ರೆಸಾಜ್‌ನ ಅತ್ಯುನ್ನತ ಮಟ್ಟವಾದ ಗ್ರ್ಯಾನ್ ಪ್ರಿಯಲ್ಲಿ ಕುದುರೆ ಒಂದೇ ಜಾಗದಲ್ಲಿ ಸುತ್ತುವ ಪಿರುಯೆಟ್ ಮಾಡಬೇಕು, ಹೆಜ್ಜೆಹೆಜ್ಜೆಗೂ ಮುಂದೆ ಚಾಚುವ ಕಾಲನ್ನು ಬದಲಿಸಬೇಕು. ಇವೆರಡೂ ಇಂದಿನ ಈ ಕ್ಯಾಂಟರ್‌ನಿಂದಲೇ ಹುಟ್ಟಬೇಕು.

ಇನ್ನು ನಿಮ್ಮ ಮನಸೆಳೆದ ಟ್ರಾಟ್. ಮುಂಗಾಲು ಅತಿ ಹೆಚ್ಚು ಚಾಚಿದ ಕ್ಷಣದಲ್ಲಿ ವಿಡಿಯೋ ನಿಲ್ಲಿಸಿ. ಮುಂಗಾಲಿನ ಮಂಡಿಯ ಕೆಳಗಿನ ಮೂಳೆಗೂ ಕರ್ಣರೇಖೆಯ ಹಿಂಗಾಲಿನ ಕೆಳಗಿನ ಮೂಳೆಗೂ ಎರಡು ಗೆರೆ ಎಳೆದುಕೊಳ್ಳಿ. ಗೆರೆಗಳು ಹೆಚ್ಚುಕಡಿಮೆ ಸಮಾನಾಂತರವಾಗಿರಬೇಕು. ಮುಂಗಾಲು ಆಕಾಶಕ್ಕೆ, ಹಿಂಗಾಲು ನೆಲಕ್ಕೆ ಅಂಟಿಕೊಂಡಿದ್ದರೆ ಅದು ಬರೀ ಮುಂಗಾಲಿನ ಆಟ. ಇನ್ನೊಂದು ಪರೀಕ್ಷೆಯಿದೆ. ಗೊರಸಿನ ತುದಿ ಗಾಳಿಯಲ್ಲಿ ಎಲ್ಲಿಗೆ ತೋರಿಸುತ್ತದೋ ಅಲ್ಲೇ ನೆಲಕ್ಕೆ ಇಳಿಯಬೇಕು. ಮುಂದೆ ಚಾಚಿ ಹಿಂದಕ್ಕೆ ಸೆಳೆದು ಊರಿದರೆ ಆ ಚಾಚುವಿಕೆಗೆ ಬೆಲೆ ಕೊಡಬೇಡಿ.

ಹಿಂಗಾಲಿನ ಕೆಲಸ ಮೂರು: ಹೊಟ್ಟೆಯ ಕೆಳಗೆ ಬರುವುದು, ಹಿಂಗಾಲಿನ ನಡುವಿನ ಹಾಕ್ ಕೀಲು ಮಡಚಿ ಭಾರ ಹೊರುವುದು, ಆಮೇಲೆ ತಳ್ಳುವುದು. ಹರಾಜಿನ ಕುದುರೆಗಳಲ್ಲಿ ತಳ್ಳುವ ಕಾಲುಗಳು ಧಾರಾಳ, ಹೊರುವ ಕಾಲುಗಳು ಕಡಿಮೆ. ಹಿಂಗಾಲು ಪೃಷ್ಠದ ಗೆರೆಯ ಆಚೆ ಬಹಳ ಹೊತ್ತು ಉಳಿಯುತ್ತಿದ್ದರೆ ಅದು ತಳ್ಳುವ ಕಾಲು. ಅಂಥ ಕುದುರೆ ನಾಲ್ಕನೇ ವಯಸ್ಸಿನಲ್ಲಿ ಅಮೋಘವಾಗಿ ಕಾಣುತ್ತದೆ, ಎಂಟನೇ ವಯಸ್ಸಿನಲ್ಲಿ ಇದ್ದಲ್ಲೇ ಟ್ರಾಟ್ ಮಾಡುವ ಪಿಯಾಫ್ ಕಲಿಸುವಾಗ ಸವಾರನ ಬೆವರಿಳಿಸುತ್ತದೆ. ಹೊರುವ ಶಕ್ತಿ ಕಾಣುವುದು ಉದ್ದ ಹೆಜ್ಜೆಗಳಲ್ಲಿ ಅಲ್ಲ. ಟ್ರಾಟ್‌ನಿಂದ ನಡಿಗೆಗೆ, ಕ್ಯಾಂಟರ್‌ನಿಂದ ಟ್ರಾಟ್‌ಗೆ ಇಳಿಯುವಾಗ ಸೊಂಟ ತಗ್ಗುತ್ತದೆಯೇ ಎಂಬುದರಲ್ಲಿ.

ಸಂಗೀತ, ದೀಪ, ಜನ ತುಂಬಿದ ಮಂಟಪದಲ್ಲಿ ಹೆದರಿದ ಕುದುರೆ ಬೆನ್ನು ಬಿಗಿಹಿಡಿದು ಗಾಳಿಯಲ್ಲಿ ತೇಲುವಂತೆ ಟ್ರಾಟ್ ಮಾಡುತ್ತದೆ. ನೋಡಲು ಸೊಗಸು, ಆದರೆ ಅದು ಭಯದ ಟ್ರಾಟ್. ಬಾಲ ಒಂದೇ ಕಡೆ ಬಿಗಿದಿದೆಯೇ, ಬಾಯಿ ತೆರೆದಿದೆಯೇ, ಮೂಗಿನ ಪಟ್ಟಿ ಎರಡು ಬೆರಳು ತೂರದಷ್ಟು ಬಿಗಿಯಾಗಿದೆಯೇ, ಹಣೆ–ಮೂಗಿನ ಗೆರೆ ಎದೆಯ ಕಡೆಗೆ ಮಡಚಿಕೊಂಡಿದೆಯೇ ನೋಡಿ. ಟ್ರಾಟ್ ಮುಗಿದ ಕೂಡಲೇ ಬರುವ ಮೊದಲ ಹತ್ತು ನಡಿಗೆಯ ಹೆಜ್ಜೆಗಳಲ್ಲಿ ಲಯ ಸರಿಯಿದ್ದರೆ ಬೆನ್ನು ಸಡಿಲವಿತ್ತು ಎಂದುಕೊಳ್ಳಬಹುದು. ಮಾರಾಟದ ದಿನಕ್ಕಿಂತ ಬೆಳಗಿನ ಅಭ್ಯಾಸದಲ್ಲಿ ಕುದುರೆಯನ್ನು ನೋಡುವುದು ಹೆಚ್ಚು ಉಪಯುಕ್ತ. ಹೆಚ್ಚಿನ ಹರಾಜು ಕೇಂದ್ರಗಳಲ್ಲಿ ಕುದುರೆಗಳು ಕೆಲವು ವಾರ ಮೊದಲೇ ಬಂದು ಅಲ್ಲಿನ ಸವಾರರ ಕೈಯಲ್ಲಿರುತ್ತವೆ, ಕೊಳ್ಳುವವರಿಗೆ ಏರಿ ನೋಡಲು ಅವಕಾಶವೂ ಇರುತ್ತದೆ.

ಕೊನೆಯದಾಗಿ ನೀವು ಕೇಳದೇ ಇದ್ದ ಮಾತು. ಆರು ವರ್ಷ ಸವಾರಿ ಕಲಿತ 16ರ ಹುಡುಗಿಗೆ ದೊಡ್ಡ ಚಲನೆಯ ನಾಲ್ಕು ವರ್ಷದ ಕುದುರೆ ಬೇಡ. ಅಂಥ ಟ್ರಾಟ್ ಮೇಲೆ ಕುಳಿತುಕೊಳ್ಳುವುದೇ ಕಷ್ಟ. ಸವಾರಳು ಕುಲುಕಿದರೆ ಕುದುರೆ ಬೆನ್ನು ಬಿಗಿಯುತ್ತದೆ, ಇಬ್ಬರೂ ಕೆಡುತ್ತಾರೆ. ಅದೇ ಹಣಕ್ಕೆ 12–14 ವರ್ಷದ, ಕಾಲು ಬದಲಿಸುವುದು ಗೊತ್ತಿರುವ, ಸಾಧಾರಣ ಚಲನೆಯ ಕುದುರೆ ಸಿಕ್ಕರೆ ಅವಳಿಗೆ ಅದೇ ಗುರು.

ಪ್ರಶ್ನೆ: ಒಂದೇ ಬೀಜದ ಕುದುರೆಯ ಇಬ್ಬರು ಮಕ್ಕಳು, ಇಬ್ಬರಿಗೂ ನಾಲ್ಕು ವರ್ಷ. ಒಂದು 18,000 ಯೂರೋಗೆ, ಇನ್ನೊಂದು ಲಕ್ಷ ಯೂರೋ ದಾಟಿ ಹೋಗುತ್ತದೆ. ಕುಣಿಗಲ್ ಸ್ಟಡ್ ಫಾರ್ಮಿನ ಊರಿನವನಾದ ನನಗೆ ರೇಸ್ ಕುದುರೆಗಳಲ್ಲಿ ಅಪ್ಪನ ಹೆಸರಿನ ತೂಕ ಗೊತ್ತು. ಇಲ್ಲಿ ಅದು ನಡೆಯುವುದಿಲ್ಲವೇ? (ಓದುಗರು, ಕುಣಿಗಲ್)

ತರಬೇತುದಾರರು: ರೇಸಿನ ಥರೋಬ್ರೆಡ್ ತಳಿಯಲ್ಲಿ ಕೃತಕ ಗರ್ಭಧಾರಣೆಗೆ ಅವಕಾಶವೇ ಇಲ್ಲ. ಗಂಡು ಕುದುರೆ ಹೆಣ್ಣನ್ನು ನೇರವಾಗಿ ಕೂಡಬೇಕು. ಹಾಗಾಗಿ ಒಂದು ಗಂಡಿನ ಸಂತತಿಗೆ ಒಂದು ಮಿತಿಯಿದೆ, ಹೆಸರಿಗೆ ಬೆಲೆಯಿದೆ. ಡ್ರೆಸಾಜ್‌ಗೆ ಬಳಸುವ ಹ್ಯಾನೋವೇರಿಯನ್, ಓಲ್ಡನ್‌ಬರ್ಗ್, ವೆಸ್ಟ್‌ಫಾಲಿಯನ್, ಡಚ್ ಕೆಡಬ್ಲ್ಯುಪಿಎನ್ ಮೊದಲಾದ ವಾರ್ಮ್‌ಬ್ಲಡ್ (ಸವಾರಿ ಕ್ರೀಡೆಗಳಿಗೆ ಬೆಳೆಸುವ) ತಳಿಗಳಲ್ಲಿ ವೀರ್ಯ ಪೆಟ್ಟಿಗೆಯಲ್ಲಿ ಊರೂರು ಸುತ್ತುತ್ತದೆ, ಭ್ರೂಣ ವರ್ಗಾವಣೆಯೂ ಸಾಮಾನ್ಯ. ಜನಪ್ರಿಯ ಗಂಡೊಂದಕ್ಕೆ ಒಂದೇ ವರ್ಷದಲ್ಲಿ ನೂರಾರು ಮರಿ. ಅಪ್ಪನ ಹೆಸರು ಅಪರೂಪದ ವಸ್ತುವೇ ಅಲ್ಲ, ಆ ವರ್ಷದ ಫ್ಯಾಷನ್ ಮಾತ್ರ. ನೀವು ಕೊಂಡ ಕುದುರೆ ಎಂಟು ವರ್ಷದ್ದಾಗುವ ಹೊತ್ತಿಗೆ ಫ್ಯಾಷನ್ ಬೇರೆ ಆಗಿರುತ್ತದೆ.

ಆದ್ದರಿಂದ ಕ್ಯಾಟಲಾಗಿನಲ್ಲಿ ಕಣ್ಣು ತಾಯಿಯ ಕಡೆಗಿರಲಿ. ಈ ತಾಯಿಯ ಮಕ್ಕಳಲ್ಲಿ ಎಂಟು ವರ್ಷ ದಾಟಿದವು ಎಷ್ಟು, ಅವುಗಳಲ್ಲಿ ಎಸ್ ಮಟ್ಟದಲ್ಲಿ ಸ್ಪರ್ಧಿಸಿದವು ಎಷ್ಟು, ಇನ್ನೂ ಸ್ಪರ್ಧಿಸುತ್ತಿರುವವು ಎಷ್ಟು? (ಜರ್ಮನಿಯ ಮಟ್ಟಗಳು ಕೆಳಗಿನಿಂದ ಮೇಲಕ್ಕೆ ಇ, ಎ, ಎಲ್, ಎಂ, ಎಸ್.) ಅಜ್ಜಿಯ ಮಲತಮ್ಮ ಒಲಿಂಪಿಕ್ಸ್‌ಗೆ ಹೋಗಿದ್ದ ಎಂಬ ಸಾಲು ಪುಟ ತುಂಬಿಸಲು ಇರುವುದು. ಅದಕ್ಕೆ ಒಂದು ಯೂರೋ ಕೂಡ ಹೆಚ್ಚು ಕೊಡಬೇಡಿ.

ನೀವು ಹೇಳಿದ ಎರಡು ಕುದುರೆಗಳ ನಡುವಿನ ಅಂತರ ಹಲವು ಕಡೆಯಿಂದ ಬಂದಿರಬಹುದು. ಒಂದು ಹೆಣ್ಣಾಗಿದ್ದು ತಾಯಿಯ ವಂಶ ಗಟ್ಟಿಯಾಗಿದ್ದರೆ ಸವಾರಿ ಕೈಗೂಡದಿದ್ದರೂ ಮರಿ ಪಡೆಯಬಹುದು ಎಂಬ ಲೆಕ್ಕ ಬೆಲೆಯಲ್ಲಿ ಸೇರುತ್ತದೆ. ಬೀಜದ ಕುದುರೆಯಾಗಿ ಪರವಾನಗಿ ಪಡೆದ ಗಂಡಿಗೆ ಇನ್ನೂ ಹೆಚ್ಚು. ಬೀಜ ತೆಗೆಸಿದ ಗೆಲ್ಡಿಂಗ್‌ಗೆ ಕೊಡುವ ಬೆಲೆ ಸವಾರಿಗೆ ಮಾತ್ರ. ಕೊಳ್ಳುವುದು ಸ್ಪರ್ಧೆಗಾದರೆ ಗೆಲ್ಡಿಂಗ್‌ಗಳ ಕಡೆಗೇ ನೋಡಿ, ನಿಮಗೆ ಬೇಡದ್ದಕ್ಕೆ ಹಣ ಕೊಡುವುದು ತಪ್ಪುತ್ತದೆ.

ಇನ್ನೊಂದು ದೊಡ್ಡ ಕಾರಣ ಎಷ್ಟು ತಿಂಗಳ ಕೆಲಸ ಆಗಿದೆ ಎಂಬುದು. ಎಂಟು ವಾರದ ಹಿಂದೆ ಜೀನು ಹಾಕಿಸಿಕೊಂಡ ಕುದುರೆಗೂ ಹತ್ತು ತಿಂಗಳು ಕೆಲಸ ಮಾಡಿದ ಕುದುರೆಗೂ ಹೋಲಿಕೆಯಿಲ್ಲ. ಎಂಟು ವಾರದ್ದು ತುಸು ತೂರಾಡುತ್ತ, ಅಸಮತೋಲದಲ್ಲಿ ಓಡುತ್ತ 18,000ಕ್ಕೆ ಹೋಗಿರಬಹುದು, ಹತ್ತು ತಿಂಗಳಿನದು ಗಟ್ಟಿ ಕುತ್ತಿಗೆ, ತುಂಬಿದ ಬೆನ್ನು ತೋರಿಸಿ ಲಕ್ಷ ದಾಟಿರಬಹುದು. ಅಗ್ಗವಾಗಿ ಒಳ್ಳೆಯದು ಸಿಗುವ ಜಾಗ ಇದೇ. ಮೂರು ವರ್ಷಕ್ಕೇ ತುಂಬು ಸ್ನಾಯು ಹೊತ್ತ ಕುದುರೆಯನ್ನು ಕಂಡರೆ ಅದರ ಮೇಲೆ ಎಷ್ಟು ಬೇಗ, ಎಷ್ಟು ಕೆಲಸ ಹಾಕಿದ್ದಾರೆ ಎಂದು ಕೇಳಬೇಕು. ಬೆನ್ನುಮೂಳೆಯ ಬೆಳವಣಿಗೆ ಮುಗಿಯುವುದೇ ಐದಾರು ವರ್ಷಕ್ಕೆ.

ಉಳಿದದ್ದು ಇಬ್ಬರು ಹಟಮಾರಿಗಳ ಕಥೆ. ಲಕ್ಷ ಯೂರೋ ಎಂದರೆ ಲಕ್ಷಕ್ಕೆ ಕೊಳ್ಳಲು ತಯಾರಿದ್ದವರು ಇಬ್ಬರಿದ್ದರು ಎಂದಷ್ಟೇ ಅರ್ಥ. ಒಬ್ಬರೇ ಇದ್ದಿದ್ದರೆ ಅದೇ ಕುದುರೆ 40,000ಕ್ಕೆ ನಿಲ್ಲುತ್ತಿತ್ತು. ಇದಕ್ಕೆ ಎಲ್ಲರೂ ನೆನೆಯುವ ಉದಾಹರಣೆ ಪೊಯೆಟಿನ್. 1997ರಲ್ಲಿ ಹುಟ್ಟಿದ, ಸಾಂಡ್ರೋ ಹಿಟ್ ಎಂಬ ಬೀಜದ ಕುದುರೆಯ ಮಗಳಾದ ಈ ಹೆಣ್ಣುಕುದುರೆ 2003ರಲ್ಲಿ ಎಳೆಯ ಕುದುರೆಗಳ ವಿಶ್ವ ಚಾಂಪಿಯನ್ ಆಯಿತು. ಅದೇ ವರ್ಷ ಜರ್ಮನಿಯ ಆಂಕುಮ್‌ನ ಪಿ.ಎಸ್.ಐ. ಎಂಬ ಹರಾಜಿನಲ್ಲಿ 25 ಲಕ್ಷ ಯೂರೋಗೆ ಹೋಯಿತು. ಗೊರಸಿನ ಒಳಗಿನ ಉರಿಯೂತವಾದ ಲ್ಯಾಮಿನೈಟಿಸ್ ಬಂದು 2005ರಲ್ಲಿ ಸತ್ತಿತು. ಇನ್ನೊಂದು ತುದಿಯಲ್ಲಿ ವ್ಯಾಲೆಗ್ರೋ. 2002ರಲ್ಲಿ ಹುಟ್ಟಿದ ಈ ಡಚ್ ಗೆಲ್ಡಿಂಗ್ ಬೀಜದ ಕುದುರೆಯಾಗಿ ಆಯ್ಕೆಯಾಗಲಿಲ್ಲ. ಆಮೇಲೆ ಲಂಡನ್ ಮತ್ತು ರಿಯೋ ಒಲಿಂಪಿಕ್ಸ್‌ಗಳಲ್ಲಿ ವೈಯಕ್ತಿಕ ಚಿನ್ನ, 2014ರ ಡಿಸೆಂಬರ್‌ನಲ್ಲಿ ಸಂಗೀತದ ಸುತ್ತಿನಲ್ಲಿ ಶೇ. 94.3 ಅಂಕ.

ಪ್ರಶ್ನೆ: ನಾವು ಜರ್ಮನಿಯಲ್ಲಿ ನೆಲೆಸಿದವರು. ನೋಡಿಟ್ಟ ಐದು ವರ್ಷದ ಗೆಲ್ಡಿಂಗ್‌ನ ಎಕ್ಸ್‌-ರೇ ವರದಿಯಲ್ಲಿ ಹಾಕ್ ಕೀಲಿನಲ್ಲಿ ‘ಚಿಪ್’ ಇದೆ, ಇನ್ನೊಂದು ಕಡೆ ‘ರಿಸಿಕೋ’ (ಅಪಾಯ) ಎಂದು ಬರೆದಿದ್ದಾರೆ. ಬಿಟ್ಟುಬಿಡಬೇಕೇ, ಬೆಲೆ ಇಳಿಸಿ ಕೊಳ್ಳಬಹುದೇ? (ಓದುಗರು, ಹ್ಯಾನೋವರ್)

ವೈದ್ಯೆ: ಮೊದಲು ವರದಿ ಓದುವ ರೀತಿ. 2018ಕ್ಕೆ ಮುಂಚೆ ಜರ್ಮನಿಯಲ್ಲಿ ಎಕ್ಸ್‌-ರೇಗಳಿಗೆ ಒಂದರಿಂದ ನಾಲ್ಕರವರೆಗೆ ದರ್ಜೆ ಕೊಡುತ್ತಿದ್ದರು. ಜನ ಚಿತ್ರ ನೋಡದೆ ಅಂಕ ನೋಡಿ ಕೊಳ್ಳುತ್ತಿದ್ದರು. 2018ರ ಮಾರ್ಗಸೂಚಿಯಲ್ಲಿ ಆ ದರ್ಜೆಗಳನ್ನು ಕೈಬಿಟ್ಟರು. ಈಗ ಸಾಮಾನ್ಯಕ್ಕಿಂತ ಬೇರೆಯಾಗಿ ಕಂಡದ್ದನ್ನು ವಿವರಿಸುತ್ತಾರೆ, ಮುಂದೆ ಕುಂಟು ಬರಬಹುದು ಆದರೆ ಎಷ್ಟು ಸಾಧ್ಯತೆ ಎಂದು ಹೇಳಲಾಗದು ಎನ್ನುವಂಥದ್ದಕ್ಕೆ ‘ರಿಸಿಕೋ’ ಎಂದು ಗುರುತು ಹಾಕುತ್ತಾರೆ. ಅದು ಮರಣಶಾಸನವಲ್ಲ. ಗುರುತು ಇಲ್ಲದಿದ್ದರೆ ಭರವಸೆಯೂ ಅಲ್ಲ.

ಹಾಕ್ ಕೀಲಿನ ಚಿಪ್ ಎಂದರೆ ಬೆಳೆಯುವ ಕಾಲದಲ್ಲಿ ಮೃದ್ವಸ್ಥಿ ಸರಿಯಾಗಿ ಗಟ್ಟಿಯಾಗದೆ ಬಿಡಿಯಾದ ಚೂರು. ಓಸಿಡಿ ಎನ್ನುತ್ತಾರೆ. ಟಿಬಿಯಾ ಮೂಳೆಯ ಕೆಳತುದಿಯ ಮಧ್ಯದ ಏಣಿನಲ್ಲಿದ್ದರೆ (ವಾರ್ಮ್‌ಬ್ಲಡ್‌ಗಳಲ್ಲಿ ಅದೇ ಸಾಮಾನ್ಯ ಜಾಗ), ಕೀಲಿನಲ್ಲಿ ನೀರು ತುಂಬಿಲ್ಲದಿದ್ದರೆ, ಕುಂಟು ಇಲ್ಲದಿದ್ದರೆ, ಸಣ್ಣ ರಂಧ್ರದ ಆಪರೇಶನ್‌ನಲ್ಲಿ ಚೂರು ತೆಗೆಯಬಹುದು. ಫಲಿತಾಂಶ ಒಳ್ಳೆಯದೇ. ಎರಡು ಮೂರು ತಿಂಗಳು ಕೆಲಸ ನಿಲ್ಲುತ್ತದೆ. ಹಾಗಾಗಿ ಇದಕ್ಕೆ ನಿಮ್ಮ ಮಿತಿಯಿಂದ ಕಳೆಯಬೇಕಾದ್ದು: ಆಪರೇಶನ್ ಖರ್ಚು, ಆ ಮೂರು ತಿಂಗಳ ಲಾಯದ ಖರ್ಚು, ಅರಿವಳಿಕೆಯ ಅಪಾಯಕ್ಕೆಂದು ಇನ್ನಷ್ಟು. ಚೂರನ್ನು ಈಗಾಗಲೇ ತೆಗೆಸಿ ಕೀಲಿನ ನೀರು ಇಳಿದಿದ್ದರೆ ಏನೂ ಕಳೆಯಬೇಕಿಲ್ಲ.

ಸ್ಟೈಫಲ್, ಅಂದರೆ ಹಿಂಗಾಲಿನ ಮೇಲಿನ ದೊಡ್ಡ ಮಂಡಿಯಲ್ಲಿ ಓಸಿಡಿ ಇದ್ದರೆ ಮಾತು ಬೇರೆ. ಅಲ್ಲಿ ಕೊರೆದುಹೋದ ಭಾಗ ದೊಡ್ಡದಾದಷ್ಟೂ ಭವಿಷ್ಯ ಕೆಟ್ಟದ್ದು. ಡ್ರೆಸಾಜ್ ಕುದುರೆ ಬಾಗಿಸಿ ಭಾರ ಹೊರುವುದು ಆ ಕೀಲಿನ ಮೇಲೆಯೇ. ನಿಮ್ಮ ವರದಿಯ ‘ರಿಸಿಕೋ’ ಯಾವ ಕೀಲಿಗೆ ಎಂದು ನೀವು ಬರೆದಿಲ್ಲ. ಸ್ಟೈಫಲ್ ಆಗಿದ್ದರೆ ನನ್ನ ಸಲಹೆ, ಬಿಟ್ಟುಬಿಡಿ.

ಎಕ್ಸ್‌-ರೇಯಲ್ಲಿ ಕಾಣದ್ದೇ ಡ್ರೆಸಾಜ್ ಕುದುರೆಗಳನ್ನು ಹೆಚ್ಚು ಮನೆಗೆ ಕಳಿಸುವುದು: ಹಿಂಗಾಲಿನ ಹಿಂಬದಿಯಲ್ಲಿ ಭಾರ ತಡೆಯುವ ಸಸ್ಪೆನ್ಸರಿ ಲಿಗಮೆಂಟ್ ಎಂಬ ಕಟ್ಟುನಾರಿನ ಮೇಲ್ತುದಿಯ ಗಾಯ. ಹಾಕ್ ಕೀಲು ತೀರಾ ನೇರ, ಗೊರಸಿನ ಮೇಲಿನ ಫೆಟ್‌ಲಾಕ್ ಕೀಲು ನೆಲದ ಕಡೆ ಜಗ್ಗಿದೆ ಎಂದಾದರೆ ಅಲ್ಟ್ರಾಸೌಂಡ್ ಮಾಡಿಸದೆ ಮುಂದುವರಿಯಬೇಡಿ. ವಿಚಿತ್ರವೆಂದರೆ ಜಗ್ಗುವ ಫೆಟ್‌ಲಾಕ್ ಟ್ರಾಟ್‌ಗೆ ಸ್ಪ್ರಿಂಗಿನ ಸೊಗಸು ಕೊಡುತ್ತದೆ, ಹಾಗಾಗಿ ಬೆಲೆಯೂ ಏರಿರುತ್ತದೆ.

ಮಾರ್ಗಸೂಚಿಯ 18 ಚಿತ್ರಗಳು ಕಾಲುಗಳವು. ಬೆನ್ನು ಮತ್ತು ಕತ್ತಿನ ಚಿತ್ರಗಳಿವೆಯೇ ಎಂದು ಬೇರೆಯಾಗಿ ಕೇಳಬೇಕು. ಬೆನ್ನಲ್ಲಿ ನೋಡುವುದು ಜೀನಿನ ಕೆಳಗಿನ ಮೂಳೆಮುಳ್ಳುಗಳು ಒಂದಕ್ಕೊಂದು ತಾಗುತ್ತಿವೆಯೇ ಎಂದು. ಚಿತ್ರದಲ್ಲಿ ತಾಗಿದ ಮಾತ್ರಕ್ಕೆ ನೋವಿದೆ ಎಂದಲ್ಲ. ಚಿತ್ರದಲ್ಲಿ ತಾಗಿದ್ದು, ಜೀನು ಬಿಗಿಯುವಾಗ ಕುದುರೆ ಕಿವಿ ಹಿಂದಕ್ಕಿಟ್ಟು ಕಚ್ಚಲು ಬರುತ್ತದೆ, ಕ್ಯಾಂಟರ್‌ನಲ್ಲಿ ಹಿಂಗಾಲುಗಳನ್ನು ಜೊತೆ ಮಾಡಿ ಮೊಲದಂತೆ ಜಿಗಿಯುತ್ತದೆ ಎಂದಾದರೆ ನೋವಿದೆ. ಕತ್ತಿನ ಆರು, ಏಳನೇ ಮೂಳೆಗಳ ಆಕಾರದಲ್ಲಿ ಹುಟ್ಟಿನಿಂದಲೇ ವ್ಯತ್ಯಾಸವಿರುವ ವಾರ್ಮ್‌ಬ್ಲಡ್‌ಗಳು ಇವೆ. ಅದರ ಪರಿಣಾಮದ ಬಗ್ಗೆ ವೈದ್ಯರಲ್ಲೇ ಒಮ್ಮತವಿಲ್ಲ. ಅಡ್ಡಾದಿಡ್ಡಿ ಹೆಜ್ಜೆ ಜೊತೆಗಿದ್ದರೆ ಮಾತ್ರ ನಾನು ಅದನ್ನು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ.

ಕ್ಲಿನಿಕಲ್ ಪರೀಕ್ಷೆಯಲ್ಲಿ ಬಿಡಬಾರದ್ದು: ಗಟ್ಟಿ ನೆಲದ ಮೇಲೆ ಸಣ್ಣ ವೃತ್ತದಲ್ಲಿ ಎರಡೂ ಕಡೆ ಟ್ರಾಟ್, ಪ್ರತಿ ಕಾಲನ್ನು ಒಂದು ನಿಮಿಷ ಮಡಚಿ ಹಿಡಿದು ಬಿಟ್ಟ ಕೂಡಲೇ ನೇರ ಟ್ರಾಟ್, ಕತ್ತಲ ಲಾಯದಲ್ಲಿ ಕಣ್ಣಿನ ಪರೀಕ್ಷೆ, ಕೆಲಸದ ಹೊತ್ತಿನ ಉಸಿರಿನ ಸದ್ದು. ಉಸಿರೆಳೆಯುವಾಗ ಸೀಟಿ ಕೇಳಿಸಿದರೆ ಗಂಟಲಿಗೆ ಎಂಡೋಸ್ಕೋಪ್ ಹಾಕಿಸಿ, ಸಾಮಾನ್ಯವಾಗಿ ಎಡಬದಿಯ ಧ್ವನಿಪೆಟ್ಟಿಗೆಯ ನರ ಸೋತಿರುತ್ತದೆ. ಮುಂಗಾಲಿನ ಎರಡು ಗೊರಸುಗಳ ಅಗಲ ಬೇರೆಬೇರೆ ಇದ್ದರೆ ಲಾಳ ಕಟ್ಟುವವರನ್ನೂ ಕೇಳಿ. ಪರೀಕ್ಷೆಯ ದಿನ ರಕ್ತ ತೆಗೆದು ಇಟ್ಟುಕೊಳ್ಳಲು ಹೇಳಿ. ನೋವು ನಿವಾರಕ ಅಥವಾ ಮತ್ತಿನ ಔಷಧ ಕೊಟ್ಟಿದ್ದರೆಂಬ ಅನುಮಾನ ಮುಂದೆ ಬಂದರೆ ಆ ರಕ್ತವೇ ಸಾಕ್ಷಿ.

ಹರಾಜು ಸಂಸ್ಥೆಯ ವೈದ್ಯರ ವರದಿ ಇದ್ದರೂ ಅದೇ ಚಿತ್ರಗಳನ್ನು ನಿಮ್ಮ ವೈದ್ಯರಿಗೆ ಕಳಿಸಿ ಓದಿಸಿ. ಖರ್ಚು ಅಲ್ಪ, ಉಳಿತಾಯ ದೊಡ್ಡದು.

ಪ್ರಶ್ನೆ: ಹರಾಜಿನಲ್ಲಿ ನಿಂತ ಬೆಲೆಯ ಮೇಲೆ ಇನ್ನೆಷ್ಟು ಕೊಡಬೇಕಾಗುತ್ತದೆ? ಆಮೇಲೆ ದೋಷ ಕಂಡರೆ ವಾಪಸ್ ಕೊಡಬಹುದೇ? (ಓದುಗರು, ಮೈಸೂರು)

ತರಬೇತುದಾರರು: ನಿಂತ ಬೆಲೆ 40,000 ಯೂರೋ ಎಂದಿಟ್ಟುಕೊಳ್ಳಿ, ಕೊಳ್ಳುವವರ ಕಮಿಷನ್ ಶೇ. 6 ಎಂದೂ ಇಟ್ಟುಕೊಳ್ಳಿ (ಇದು ಹರಾಜಿನಿಂದ ಹರಾಜಿಗೆ ಬದಲಾಗುತ್ತದೆ, ನಿಯಮಾವಳಿಯಲ್ಲಿ ನೋಡಿ). 42,400 ಆಯಿತು. ಪೂರ್ತಿ ಮೊತ್ತಕ್ಕೆ ಜರ್ಮನಿಯ ಶೇ. 19 ತೆರಿಗೆ ಬಿದ್ದರೆ 8,056 ಸೇರಿ 50,456. ಮಾರುವವರು ಖಾಸಗಿ ವ್ಯಕ್ತಿಯಾದರೆ ತೆರಿಗೆಯ ಲೆಕ್ಕ ಬೇರೆ, ಕುದುರೆ ಐರೋಪ್ಯ ಒಕ್ಕೂಟದ ಹೊರಗೆ ಹೋಗುವುದಾದರೆ ಇನ್ನೂ ಬೇರೆ. ತರಬೇತಿ ಸೇರಿ ಲಾಯಕ್ಕೆ ತಿಂಗಳಿಗೆ 1,200 ಯೂರೋ ಎಂದುಕೊಂಡರೆ ವರ್ಷಕ್ಕೆ 14,400. ಒಟ್ಟು 64,856. ವಿಮೆ, ಲಾಳ, ಸಾಗಾಟ, ವೈದ್ಯರು ಇನ್ನೂ ಬಾಕಿ. ಆದ್ದರಿಂದ ಬಜೆಟ್ 65,000 ಇದ್ದವರು ಸವಾಲನ್ನು 40,000ಕ್ಕಿಂತ ಕೆಳಗೇ ನಿಲ್ಲಿಸಬೇಕು. ಆ ಅಂಕಿಯನ್ನು ಮನೆಯಲ್ಲೇ ಚೀಟಿಯಲ್ಲಿ ಬರೆದು, ಕೈ ಎತ್ತುವ ಕೆಲಸ ಕುದುರೆಯನ್ನು ಮೆಚ್ಚಿಕೊಳ್ಳದ ಇನ್ನೊಬ್ಬರಿಗೆ ಕೊಡಿ.

ವಾಪಸಾತಿ ಅಷ್ಟು ಸುಲಭವಲ್ಲ. ಜರ್ಮನಿಯಲ್ಲಿ 1899ರ ಆದೇಶವೊಂದು ಕುದುರೆಯ ಆರು ದೋಷಗಳನ್ನು ಹೆಸರಿಸಿತ್ತು. ಗ್ಲ್ಯಾಂಡರ್ಸ್ ಎಂಬ ಸೋಂಕುರೋಗ, ಮಿದುಳಿನ ಮಂದತೆ, ದಮ್ಮು, ಗಂಟಲಿನ ಸೀಟಿ, ಮರುಕಳಿಸುವ ಕಣ್ಣುರಿ, ಗಾಳಿ ನುಂಗುವ ಚಟ. ಅವುಗಳಿಗೆ ಮಾತ್ರ ಮಾರಿದವರು ಹೊಣೆ. 2002ರಿಂದ ಆ ಪಟ್ಟಿ ಹೋಗಿ ಕುದುರೆಗೂ ಉಳಿದ ಸರಕುಗಳ ಕಾನೂನೇ ಅನ್ವಯ. ಆದರೆ ಸಾರ್ವಜನಿಕ ಹರಾಜಿನಲ್ಲಿ ಮಾರಿದ ‘ಬಳಸಿದ’ ಸರಕಿಗೆ ಗ್ರಾಹಕ ರಕ್ಷಣೆಯ ಹಲವು ನಿಯಮಗಳು ಅನ್ವಯಿಸುವುದಿಲ್ಲ. ಆರು ತಿಂಗಳ ಮರಿ ಹೊಸದು ಎಂದು ಅಲ್ಲಿನ ಅತ್ಯುನ್ನತ ಸಿವಿಲ್ ನ್ಯಾಯಾಲಯ 2006ರಲ್ಲಿ ಹೇಳಿತ್ತು. 2019ರಲ್ಲಿ, ಹರಾಜಿನಲ್ಲಿ ಮಾರಾಟವಾದ, ಇನ್ನೂ ಜೀನು ಕಾಣದ ಎರಡೂವರೆ ವರ್ಷದ ಗಂಡು ಬಳಸಿದ್ದೇ ಎಂದಿತು. ಹೊಣೆಗಾರಿಕೆಯ ಅವಧಿಯನ್ನು ನಿಯಮಾವಳಿ ಎಷ್ಟು ತಿಂಗಳಿಗೆ ಇಳಿಸಿದೆ ಎಂದು ಸವಾಲು ಕೂಗುವ ಮೊದಲೇ ಓದಿ. ಜೀನು ಹಾಕಿದ ನಾಲ್ಕು ವರ್ಷದ ಕುದುರೆ ಹೊಸದು ಎಂದು ವಾದಿಸುವ ಆಸೆ ಬೇಡ.

ಪ್ರಶ್ನೆ: ದೊಡ್ಡ ಕುದುರೆಗೆ ಕೊಡಲು ಹಣವಿಲ್ಲ, ಮರಿ ಹರಾಜಿನಲ್ಲಿ ಕೊಂಡು ಬೆಳೆಸಿದರೆ? (ಓದುಗರು, ಪುಣೆ)

ವೈದ್ಯೆ: ಮರಿಗೆ ಕೊಡುವ ಬೆಲೆಯಲ್ಲಿ ಬಹುಪಾಲು ವಂಶಾವಳಿಗೆ ಮತ್ತು ತಾಯಿಯ ಪಕ್ಕ ಒಂದೆರಡು ನಿಮಿಷ ಓಡಿದ ಟ್ರಾಟ್‌ಗೆ. ಏರಿ ನೋಡುವವರೆಗೆ ಮೂರು ವರ್ಷದ ಮೇವು, ಗೊರಸು ಕತ್ತರಿಸುವಿಕೆ, ಲಸಿಕೆ ಸೇರಿದರೆ ಉಳಿತಾಯ ಕಾಣುವುದಿಲ್ಲ, ಓಸಿಡಿ ಬರುವ ಅಪಾಯ ಪೂರ್ತಿ ನಿಮ್ಮದೇ. ಕೊಳ್ಳಲೇಬೇಕೆಂದಿದ್ದರೆ ಹುಲ್ಲುಗಾವಲಿನಲ್ಲಿ ಓರಗೆಯ ಮರಿಗಳ ಗುಂಪಿನಲ್ಲಿ ಬೆಳೆಸುವ ಜಾಗ ಮೊದಲು ನೋಡಿಕೊಳ್ಳಿ. ಹೆಣ್ಣು ಮರಿಯಾದರೆ, ಮುಂದೆ ಮರಿ ಹಾಕಿಸುವ ಯೋಚನೆಯಿದ್ದರೆ, ಡಬ್ಲ್ಯುಎಫ್‌ಎಫ್‌ಎಸ್ ಎಂಬ ಆನುವಂಶಿಕ ಚರ್ಮರೋಗದ ಜೀನ್ ಪರೀಕ್ಷೆಯ ಫಲಿತಾಂಶ ಕೇಳಿ. ಜೀನ್ ಹೊತ್ತ ಕುದುರೆ ಆರೋಗ್ಯವಾಗಿಯೇ ಇರುತ್ತದೆ, ಸವಾರಿಗೆ ಅಡ್ಡಿಯಿಲ್ಲ. ಹೊತ್ತವು ಎರಡು ಕೂಡಿದರೆ ಮಾತ್ರ ಶೇ. 25 ಸಾಧ್ಯತೆಯಲ್ಲಿ ಬದುಕದ ಮರಿ ಹುಟ್ಟುತ್ತದೆ, ಇಲ್ಲವೇ ಗರ್ಭ ಬಿದ್ದುಹೋಗುತ್ತದೆ.

ಪ್ರಶ್ನೆ: ಜರ್ಮನಿಯಲ್ಲಿ ಕೊಂಡ ಕುದುರೆಯನ್ನು ಬೆಂಗಳೂರಿಗೆ ತರಬಹುದೇ? ಏಷ್ಯನ್ ಕ್ರೀಡಾಕೂಟದ ತಂಡದವರು ಯುರೋಪಿನಲ್ಲೇ ಏಕಿದ್ದರು? (ಓದುಗರು, ಬೆಂಗಳೂರು)

ವೈದ್ಯೆ: ತರಬಹುದು. ಆಮದು ಅನುಮತಿ, ರೋಗಗಳ ಪರೀಕ್ಷೆ, ಇಲ್ಲಿ ಪ್ರಾಣಿ ಕ್ವಾರಂಟೈನ್ ಇಲಾಖೆಯ ಉಸ್ತುವಾರಿ, ಸುಂಕ ಎಲ್ಲ ಇವೆ. ತೊಂದರೆ ಮರಳಿ ಕಳಿಸುವುದರಲ್ಲಿ. ಭಾರತದಿಂದ ಸ್ಪರ್ಧೆಗೆಂದು ಕುದುರೆಯನ್ನು ಯುರೋಪಿಗೆ ಒಯ್ಯುವುದು ರೋಗನಿಯಂತ್ರಣದ ನಿಯಮಗಳಿಂದಾಗಿ ಬಹಳ ಕಷ್ಟ. ಅಂತರರಾಷ್ಟ್ರೀಯ ಅರ್ಹತಾ ಸ್ಪರ್ಧೆಗಳು ಅಲ್ಲಿರುವುದರಿಂದ ಕುದುರೆಯೂ ಸವಾರರೂ ಅಲ್ಲೇ ಇರಬೇಕಾಗುತ್ತದೆ. ಮೀರತ್ ದಂಡಿನ ಪ್ರದೇಶದಲ್ಲಿ ಸೇನೆಯ ರಿಮೌಂಟ್ ವೆಟರ್ನರಿ ಕೋರ್ (ಆರ್‌ವಿಸಿ) ಕೇಂದ್ರದಲ್ಲಿರುವ ಕುದುರೆರೋಗಮುಕ್ತ ಆವರಣಕ್ಕೆ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ 2025ರಲ್ಲಿ ಮನ್ನಣೆ ಕೊಟ್ಟಿರುವುದು ದಾರಿ ತೆರೆಯುವ ಹೆಜ್ಜೆ. ಆದರೆ ನಿಮ್ಮ ಲಾಯದ ಕುದುರೆಗೆ ಇವತ್ತೇ ಅನುಕೂಲವಾಗುವಂಥದ್ದಲ್ಲ. ಬೆಲೆಯ ದೃಷ್ಟಿಯಿಂದ ಇದರ ಅರ್ಥ: ಬೆಂಗಳೂರಿಗೆ ಬಂದ ಕುದುರೆಯನ್ನು ಮತ್ತೆ ಯುರೋಪಿನ ಬೆಲೆಗೆ ಮಾರಲಾಗದು. ಬಿಸಿಲು, ತೇವ, ಉಣ್ಣಿಯಿಂದ ಹರಡುವ ಪೈರೋಪ್ಲಾಸ್ಮೋಸಿಸ್ ಎಲ್ಲವನ್ನೂ ಅದು ಹೊಸದಾಗಿ ಎದುರಿಸಬೇಕು. ಇಲ್ಲಿನ ಸ್ಪರ್ಧೆಗಳಿಗೆಂದೇ ತರುವುದಾದರೆ ದುಬಾರಿ ಎಳೆಯ ಕುದುರೆ ಬೇಡ.

ಪ್ರಶ್ನೆ: ಸ್ವತಃ ಹೋಗದೆ ಆನ್‌ಲೈನ್ ಹರಾಜಿನಲ್ಲಿ ಕೊಳ್ಳುವುದು ಸರಿಯೇ? (ಓದುಗರು, ಧಾರವಾಡ)

ತರಬೇತುದಾರರು: ನೀವು ಹೋಗದಿದ್ದರೂ ನಿಮ್ಮ ಪರವಾಗಿ ಒಬ್ಬರು ಏರಿ ನೋಡಿರಬೇಕು. ಅವರು ಮಾರುವವರಿಂದ ಕಮಿಷನ್ ಪಡೆಯುವುದಿಲ್ಲ ಎಂದು ಬರೆಸಿಕೊಳ್ಳಿ, ಶುಲ್ಕವನ್ನು ನೀವೇ ಕೊಡಿ. ಅವರಿಗೆ ಇಪ್ಪತ್ತು ನಿಮಿಷ ಸಾಕು. ಲಾಯದಿಂದ ಹೊರತರುವಲ್ಲಿಂದ ವಿಡಿಯೋ ಶುರುವಾಗಲಿ, ಜೀನು ಬಿಗಿಯುವುದು, ಏರುವುದು ಎಲ್ಲ ಕತ್ತರಿಸದೆ ಬರಲಿ. ಹತ್ತುವಾಗ ಕುದುರೆ ನಿಲ್ಲುತ್ತದೆಯೇ, ಸವಾರ ಎರಡು ಲಗಾಮನ್ನೂ ಮುಂದೆ ಬಿಟ್ಟಾಗ ಕತ್ತು ಕೆಳಗೆ ಚಾಚುತ್ತದೆಯೇ ಇಲ್ಲ ಓಡಿಹೋಗುತ್ತದೆಯೇ, ಜೊತೆಗಿದ್ದ ಕುದುರೆ ಮಂಟಪದಿಂದ ಹೊರಟಾಗ ಏನು ಮಾಡುತ್ತದೆ, ಒಮ್ಮೆ ತಪ್ಪಿದ್ದನ್ನು ಎರಡನೇ ಸಲ ಕೇಳಿದಾಗ ಸಿಟ್ಟಾಗುತ್ತದೆಯೇ ಇಲ್ಲ ಯೋಚಿಸುತ್ತದೆಯೇ, ಇವಿಷ್ಟು ತಿಳಿಯಬೇಕು. ಸಾಧ್ಯವಾದರೆ ಮರುದಿನ ಬೆಳಿಗ್ಗೆ ಅದೇ ಕುದುರೆಯನ್ನು ಲಾಯದಿಂದ ಹೊರತಂದು ಗಟ್ಟಿ ನೆಲದಲ್ಲಿ ಹತ್ತು ಹೆಜ್ಜೆ ನಡೆಸಿ ನೋಡಲಿ, ಹಿಂದಿನ ದಿನದ ಕೆಲಸದ ಬಿಗಿತ ಅಲ್ಲಿ ಕಾಣುತ್ತದೆ. ಆನ್‌ಲೈನ್‌ನಲ್ಲಿ ಕೊನೆಯ ನಿಮಿಷಕ್ಕೆ ಸವಾಲು ಬಂದರೆ ಸಮಯ ತಾನಾಗಿ ವಿಸ್ತರಣೆಯಾಗುತ್ತದೆ, ಕೊನೆಯ ಸೆಕೆಂಡಿಗೆ ಕಾಯುವ ಜಾಣತನ ನಡೆಯದು. ನಿಮ್ಮ ಚೀಟಿಯ ಅಂಕಿಯನ್ನು ಗರಿಷ್ಠ ಮಿತಿಯಾಗಿ ನಮೂದಿಸಿ ಕಂಪ್ಯೂಟರ್ ಮುಂದಿನಿಂದ ಎದ್ದುಬಿಡಿ.